ರಿಹ್ಯಾಬ್‌ನವರು ‘ಮೊದಲು ಟಿಬಿ ನೋಡಿಸಿ’, ಡಾಕ್ಟರ್ ‘ಮೊದಲು ಚಟ ಬಿಡಿಸಿ’. ನಾವು ಎಲ್ಲಿಗೆ ಹೋಗಬೇಕು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆಯವಳು. ತಮ್ಮನ ವಿಷಯ ಕೇಳಬೇಕಿತ್ತು. ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕಿದ್ದಾಗ ನೋವಿನ ಮಾತ್ರೆ ನುಂಗುವುದರಿಂದ ಶುರುವಾಯ್ತು. ಆಮೇಲೆ ಅದನ್ನೇ ಕರಗಿಸಿ ಚುಚ್ಚಿಕೊಳ್ಳುವುದು, ಈಗ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್). ಊರಿಗೆ ಕರೆದುಕೊಂಡು ಬಂದಿದ್ದೇವೆ. ತುಂಬಾ ಸಣ್ಣಗಾಗಿದ್ದಾನೆ. ರಾತ್ರಿ ಬೆವರಿ ಹಾಸಿಗೆ ಒದ್ದೆಯಾಗುತ್ತದೆ. ಇದೆಲ್ಲ ಪೌಡರ್ ಕಾಟ ಎಂದೇ ಮನೆಯಲ್ಲಿ ಅಂದುಕೊಂಡಿದ್ದೆವು.

ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಸೇರಿಸಿದೆವು. ಪೌಡರ್ ನಿಂತ ಮೇಲೆ ಕೆಮ್ಮು ಶುರುವಾಯ್ತು, ಪಕ್ಕದ ಹಾಸಿಗೆಯವರು ದೂರು ಕೊಡುವಷ್ಟು. ‘ಇದು ಟಿಬಿ ಇರಬಹುದು, ಇಟ್ಟುಕೊಳ್ಳಲು ಆಗಲ್ಲ’ ಎಂದು ವಾಪಸ್ ಕಳಿಸಿದರು. ಖಾಸಗಿ ಡಾಕ್ಟರ್ ಒಬ್ಬರು ಎಕ್ಸ್‌ರೇ ನೋಡಿ ಎದೆಯಲ್ಲಿ ಕಲೆ ಇದೆ ಎಂದರು. ಆದರೆ ನಶೆ ಮಾಡುವವರು ಆರು ತಿಂಗಳು ಮಾತ್ರೆ ತಿನ್ನುವುದಿಲ್ಲವಂತೆ, ಮೊದಲು ಅದನ್ನು ಬಿಡಿಸಬೇಕಂತೆ.

ಇಂಥವರಿಗೆ ಟಿಬಿ ಜಾಸ್ತಿ ಬರುತ್ತಾ, ಅಥವಾ ಕಾಕತಾಳೀಯವಾ? ಯಾವುದಕ್ಕೆ ಮೊದಲು ಚಿಕಿತ್ಸೆ? ಸರ್ಕಾರಿ ಆಸ್ಪತ್ರೆಯಲ್ಲಿ ನಿಜ ಹೇಳಿದರೆ ಪೊಲೀಸ್ ಕೇಸ್ ಆಗುತ್ತಾ? ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಅವರೂ ಅದೇ ಮನೆಯಲ್ಲಿ ಇದ್ದಾರೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ಬೆಣ್ಣೆದೋಸೆ ಬಾಯ್
ಅಕ್ಕ, ಮೊದಲು ಕಫ ಪರೀಕ್ಷೆ. ಬಾಕಿ ಎಲ್ಲ ಆಮೇಲೆ.

ಕೋಟೆ ಮೇಷ್ಟ್ರು
ನೇರವಾಗಿ ಹೇಳಿದರೆ ಬೇಜಾರಾಗಬಹುದು. ತಾನೇ ತಂದುಕೊಂಡ ಕಾಯಿಲೆ. ನಮ್ಮ ತೆರಿಗೆ ದುಡ್ಡಿನಲ್ಲಿ ಇಂಥವರಿಗೆ ಬಿಟ್ಟಿ ಮಾತ್ರೆ, ಮೇಲೆ ತಿಂಗಳಿಗೆ ದುಡ್ಡು ಬೇರೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಹಳೇ ಹುಬ್ಬಳ್ಳಿ
ಮೇಷ್ಟ್ರೇ, ಟಿಬಿ ಗಾಳಿಯಲ್ಲಿ ಬರುವಂಥಾದ್ದು ರೀ. ಅವನಿಗೆ ಮಾತ್ರೆ ಕೊಡದಿದ್ದರೆ ನಾಳೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರಿಗೆ, ಅಂದರೆ ನಿಮಗೂ ನನಗೂ, ಬರುತ್ತದೆ. ಬಿಟ್ಟಿ ಮಾತ್ರೆ ಅವನೊಬ್ಬನಿಗಾಗಿ ಅಲ್ಲ.

ಸಿಸ್ಟರ್ ಬೀದರ್
ತುಂಗಾತೀರ ಅವರೇ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕೆಲವು ವರ್ಷ ಟಿಬಿ ವಿಭಾಗದಲ್ಲೇ ಇದ್ದೆ. ಒಂದೊಂದಾಗಿ ಹೇಳುತ್ತೇನೆ.

ಕಾಕತಾಳೀಯ ಅಲ್ಲ. ಜಗತ್ತಿನ ಸುಮಾರು ಕಾಲು ಭಾಗ ಜನರ ಮೈಯಲ್ಲಿ ಟಿಬಿ ರೋಗಾಣು ಸೇರಿಕೊಂಡಿದೆ ಎಂದು ಅಂದಾಜು. ಅವರಲ್ಲಿ ಜೀವಮಾನದಲ್ಲಿ ಕಾಯಿಲೆಯಾಗುವುದು ಶೇ. 5ರಿಂದ 10 ಜನರಿಗೆ ಮಾತ್ರ. ಉಳಿದವರಲ್ಲಿ ಸುಮ್ನೆ ಮಲಗಿರುತ್ತದೆ. ಮೈ ಸೋತಾಗ ಏಳುತ್ತದೆ. ಹೊಟ್ಟೆಗೆ ಸರಿಯಾಗಿ ತಿನ್ನದಿರುವುದು, ಬೀಡಿ ಸಿಗರೇಟು, ಎಣ್ಣೆ, ಗಾಳಿಯಾಡದ ರೂಮಿನಲ್ಲಿ ಗುಂಪಾಗಿ ಕೂರುವುದು, ಜೈಲು, ಬೀದಿಬದಿ ಮಲಗುವುದು. ಚಟ ಇರುವವರ ಬದುಕಿನಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ. ಸೂಜಿ ಹಂಚಿಕೊಂಡಿದ್ದರೆ ಎಚ್‌ಐವಿ ಭಯ ಬೇರೆ. ನಮ್ಮ ದೇಶದಲ್ಲಿ ವಯಸ್ಕರಲ್ಲಿ ಎಚ್‌ಐವಿ ಶೇ. 0.2ರ ಆಸುಪಾಸು. ಚುಚ್ಚಿಕೊಳ್ಳುವವರಲ್ಲಿ ಶೇ. 9ರ ಆಸುಪಾಸು. ಎಚ್‌ಐವಿ ಬಂದರೆ ಮಲಗಿದ್ದ ಟಿಬಿ ಏಳುವ ಸಾಧ್ಯತೆ ಹತ್ತಾರು ಪಟ್ಟು ಜಾಸ್ತಿ. ಆದ್ದರಿಂದ ಕಫದ ಜೊತೆ ರಕ್ತವನ್ನೂ ಪರೀಕ್ಷೆ ಮಾಡಿಸಿ. ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರ ಐಸಿಟಿಸಿಯಲ್ಲಿ ಉಚಿತ, ಗುಟ್ಟು ಕಾಯುತ್ತಾರೆ.

ಯಾವುದು ಮೊದಲು ಎಂದು ಕೇಳಿದಿರಿ. ಎರಡೂ ಒಟ್ಟಿಗೆ. ಚಟ ಬಿಡುವವರೆಗೆ ಟಿಬಿ ಕಾಯುವುದಿಲ್ಲ. ‘ಬಿಟ್ಟು ಬಾ’ ಎಂದು ಕಳಿಸಿದವರಲ್ಲಿ ಎಷ್ಟೋ ಜನ ಮತ್ತೆ ಬಂದಿದ್ದು ಸ್ಟ್ರೆಚರ್ ಮೇಲೆ.

ಎದೆಡಾಕ್ಟರ್
ಸಿಸ್ಟರ್ ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ.

ಎಕ್ಸ್‌ರೇ ಕಲೆ ಒಂದನ್ನೇ ನೋಡಿ ಟಿಬಿ ಎಂದು ಕೂರಬೇಡಿ. ತಮ್ಮ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುತ್ತಿದ್ದ ಎಂದಿದ್ದೀರಿ. ನುಂಗುವ ಮಾತ್ರೆಗೆ ಟಾಲ್ಕ್‌ನಂಥ ಪುಡಿ ಬೆರೆಸಿರುತ್ತಾರೆ. ಅದು ರಕ್ತದಲ್ಲಿ ಹೋಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಟಿಬಿಯ ಹಾಗೇ ಕಾಣಬಹುದು. ಇನ್ನೊಂದು, ಕೊಳಕು ಸೂಜಿಯಿಂದ ಹೃದಯದ ಕವಾಟಕ್ಕೆ ಸೋಂಕು ಹತ್ತುತ್ತದೆ. ಅಲ್ಲಿಂದ ಸೋಂಕಿನ ಚೂರುಗಳು ಶ್ವಾಸಕೋಶಕ್ಕೆ ಹಾರಿ ಅಲ್ಲಲ್ಲಿ ಕಲೆ ಮಾಡುತ್ತವೆ. ಜ್ವರ, ಕೆಮ್ಮು, ತೂಕ ಇಳಿಯುವುದು ಎಲ್ಲ ಅದರಲ್ಲೂ ಇರುತ್ತದೆ. ಇದನ್ನು ಟಿಬಿ ಎಂದುಕೊಂಡು ಟಿಬಿ ಮಾತ್ರೆ ಕೊಟ್ಟರೆ ಹುಡುಗ ಉಳಿಯುವುದಿಲ್ಲ. ಹಾಗಾಗಿ ಚುಚ್ಚಿಕೊಳ್ಳುವ ವಿಷಯ ಡಾಕ್ಟರಿಗೆ ಮುಚ್ಚಿಡಬೇಡಿ.

ಕಫವನ್ನು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಪರೀಕ್ಷೆ ಮಾಡಿಸಿ. ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ. ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಿಲ್ಲ.

ಗಾಂಧಿಬಜಾರ್ ಕಾಫಿ
ಟ್ರೂನ್ಯಾಟ್ ನಮ್ಮವರದೇ ಅಲ್ವಾ? ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್‌ನಲ್ಲಿ ರೂಪಿಸಿದ್ದು, ಗೋವಾದ ಮೋಲ್‌ಬಯೋ ತಯಾರಿಸುವುದು. ಬ್ಯಾಟರಿ ಮೇಲೂ ನಡೆಯುತ್ತದಂತೆ. ಕರೆಂಟ್ ಕೈಕೊಡುವ ಪಿಎಚ್‌ಸಿಗೆ ಹೇಳಿ ಮಾಡಿಸಿದ್ದು.

ಬೆಣ್ಣೆದೋಸೆ ಬಾಯ್
ಒಂದು ಅರ್ಥ ಆಗಲಿಲ್ಲ. ಪೌಡರ್ ಬಿಟ್ಟ ಮೇಲೆ ಕೆಮ್ಮು ಯಾಕೆ ಶುರುವಾಯ್ತು? ಕಾಯಿಲೆ ಹೊಸದಾಗಿ ರಿಹ್ಯಾಬ್‌ನಲ್ಲಿ ಹತ್ತಿತಾ?

ಎದೆಡಾಕ್ಟರ್
ಒಳ್ಳೆಯ ಪ್ರಶ್ನೆ. ಅಫೀಮಿನ ಕುಲದ ಹಲವು ಮದ್ದುಗಳು ಕೆಮ್ಮನ್ನು ಅದುಮುತ್ತವೆ. ಕೋಡೀನ್ ಇರುವ ಕೆಮ್ಮಿನ ಸಿರಪ್ ಕೆಲಸ ಮಾಡುವುದೇ ಹಾಗೆ. ಬ್ರೌನ್ ಶುಗರ್ ಎಳೆಯುವವನ ಎದೆಯಲ್ಲಿ ಟಿಬಿ ಇದ್ದರೂ ಕೆಮ್ಮು ಜೋರಾಗಿ ಕಾಣದೇ ಇರಬಹುದು. ನಶೆ ಇಳಿದಾಗ ಹೊರಗೆ ಬರುತ್ತದೆ. ಬೆವರು, ಮೈಕೈ ನೋವು, ಊಟ ಸೇರದಿರುವುದನ್ನು ಮನೆಯವರು ‘ವಿಥ್‌ಡ್ರಾವಲ್’ (ನಶೆ ನಿಂತಾಗಿನ ನರಳಾಟ) ಲೆಕ್ಕಕ್ಕೆ ಹಾಕುತ್ತಾರೆ. ಕೆಲವೊಮ್ಮೆ ಡಾಕ್ಟರುಗಳೂ. ಇಂಥವರಲ್ಲಿ ಟಿಬಿ ತಡವಾಗಿ ಗೊತ್ತಾಗಲು ಇದೇ ದೊಡ್ಡ ಕಾರಣ ಎಂಬುದು ನನ್ನ ಅನಿಸಿಕೆ.

ತುಂಗಾತೀರ
ಡಾಕ್ಟ್ರೇ, ಇದು ಯಾರೂ ಹೇಳಿರಲಿಲ್ಲ. ರಿಹ್ಯಾಬ್‌ನಲ್ಲೇ ಅಂಟಿಸಿಕೊಂಡ ಎಂದು ಅಪ್ಪ ಅವರ ಮೇಲೆ ಜಗಳಕ್ಕೆ ಹೋಗಿದ್ದರು.

ಹೊಗೆ ಮಹಾರಾಜ
ಎಲ್ಲವನ್ನೂ ಒಂದೇ ಕಟ್ಟಿಗೆ ಕಟ್ಟಬೇಡಿ ಗುರು. ಬ್ರೌನ್ ಶುಗರ್ ಬೇರೆ, ಗಾಂಜಾ ಬೇರೆ. ಗಾಂಜಾ ಗಿಡದಿಂದ ಬಂದದ್ದು, ನೈಸರ್ಗಿಕ. ಅದಕ್ಕೂ ಟಿಬಿಗೂ ಸಂಬಂಧವೇ ಇಲ್ಲ.

ಮಂಗಳೂರು ಮಳೆ
ಬಂದರಪ್ಪ ನೈಸರ್ಗಿಕದವರು. ಕಾಸರಕದ ಕಾಯಿಯೂ ನೈಸರ್ಗಿಕವೇ ಮಾರಾಯ್ರೇ, ತಿಂತೀರಾ?

ಎದೆಡಾಕ್ಟರ್
ಗಾಂಜಾದೊಳಗೆ ಟಿಬಿ ಇಲ್ಲ, ನಿಜ. ಸೇದುವ ರೀತಿಯಲ್ಲಿದೆ. 2004ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಗಾಂಜಾ ಸೇದುವ ಯುವಕರ ಗುಂಪಿನಲ್ಲಿ ಟಿಬಿ ಹರಡಿತು. ಅವರು ಕಾರಿನ ಗಾಜು ಏರಿಸಿ, ಹೊಗೆ ಹೊರಗೆ ಹೋಗದಂತೆ ಒಳಗೇ ಕೂತು ಸೇದುತ್ತಿದ್ದರು. ಒಬ್ಬನ ಕೆಮ್ಮು ಎಲ್ಲರಿಗೂ. ಆಸ್ಟ್ರೇಲಿಯಾದಲ್ಲಿ ಒಂದೇ ನೀರಿನ ಪೈಪ್ ಹಂಚಿಕೊಂಡವರಲ್ಲೂ ಹೀಗೇ ಆಗಿದೆ.

ಹೊಗೆ ಮಹಾರಾಜ
ಅದು ಗಾಜಿನ ತಪ್ಪು, ಗಾಂಜಾದ್ದಲ್ಲ 😄

ಹಳೇ ಹುಬ್ಬಳ್ಳಿ
ಹಂಗಾದರೆ ಗಾಜು ಇಳಿಸಿ ಸೇದ್ರಿ, ಪೊಲೀಸರಿಗೂ ಅನುಕೂಲ.

ಕೋಟೆ ಮೇಷ್ಟ್ರು
ಎಲ್ಲದಕ್ಕೂ ಎಚ್‌ಐವಿ, ಬಡತನ ಎನ್ನುತ್ತೀರಿ. ಹಾಗಾದರೆ ಡ್ರಗ್ಸಿನ ಪಾತ್ರ ಏನೂ ಇಲ್ಲ ಎಂದಾಯ್ತಲ್ಲ?

ಎದೆಡಾಕ್ಟರ್
ಹಾಗೆ ಹೇಳಲಿಲ್ಲ ಸರ್. ಏಡ್ಸ್ ಎಂಬ ಕಾಯಿಲೆ ಮೊದಲು ವರದಿಯಾದದ್ದು 1981ರಲ್ಲಿ. ಅದಕ್ಕೂ ಮೊದಲೇ, 1979ರಲ್ಲಿ, ನ್ಯೂಯಾರ್ಕಿನ ವೈದ್ಯರು ಮಾದಕ ವ್ಯಸನಿಗಳಲ್ಲಿ ಟಿಬಿ ಬೇರೆಯವರಿಗಿಂತ ಬಹಳ ಜಾಸ್ತಿ ಎಂದು ಬರೆದಿದ್ದರು. ಎಚ್‌ಐವಿ ಬಂದ ಮೇಲೆ ಅದು ಇನ್ನಷ್ಟು ಕೆಟ್ಟಿತು. ಕುಡಿತದ ಲೆಕ್ಕ ಇನ್ನೂ ಸ್ಪಷ್ಟ. ಭಾರಿ ಕುಡಿತ ಇದ್ದವರಿಗೆ ಟಿಬಿ ಅಪಾಯ ಸುಮಾರು ಮೂರು ಪಟ್ಟು. ನಮ್ಮ ಕಡೆ ಪೌಡರ್‌ಗಿಂತ ಎಣ್ಣೆಯಿಂದ ಬರುವ ಟಿಬಿ ರೋಗಿಗಳೇ ಜಾಸ್ತಿ, ಆದರೆ ಅದನ್ನು ಯಾರೂ ‘ಡ್ರಗ್ಸ್’ ಎನ್ನುವುದಿಲ್ಲ.

ಒಡೆಯರ ಊರು
ಮೇಷ್ಟ್ರಿಗೆ ಒಂದು ಮಾತು. ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಗೊತ್ತಲ್ಲ? ನಾಲ್ವಡಿಯವರ ಕಾಲದ ಸ್ಯಾನಟೋರಿಯಂ. ಅವರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು, ಅವರ ಹೆಸರೇ ಆಸ್ಪತ್ರೆಗೆ. ಅರಮನೆಯವರಿಗೆ ಬಂದಾಗ ಆಸ್ಪತ್ರೆ ಕಟ್ಟಿದೆವು, ಡೆಲಿವರಿ ಹುಡುಗನಿಗೆ ಬಂದಾಗ ತಾನೇ ತಂದುಕೊಂಡ ಎನ್ನುತ್ತೇವೆ.

ಗಾಂಧಿಬಜಾರ್ ಕಾಫಿ
ವಿಷಯಾಂತರ ಮಾಡುತ್ತೇನೆ, ಕ್ಷಮಿಸಿ. ಸ್ಯಾನಟೋರಿಯಂಗಳು ಯಾಕೆ ಮುಚ್ಚಿದವು ಗೊತ್ತಾ? 1956ರಲ್ಲಿ ಮದ್ರಾಸಿನಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಅರ್ಧ ಜನರನ್ನು ಸ್ಯಾನಟೋರಿಯಂನಲ್ಲಿ ಇಟ್ಟು ಮಾತ್ರೆ ಕೊಟ್ಟರು, ಇನ್ನರ್ಧ ಜನರಿಗೆ ಅವರವರ ಇಕ್ಕಟ್ಟಿನ ಮನೆಯಲ್ಲೇ. ಫಲಿತಾಂಶದಲ್ಲಿ ಹೆಚ್ಚುಕಮ್ಮಿ ಇರಲಿಲ್ಲ. ಮನೆಯವರಿಗೆ ಜಾಸ್ತಿ ಹರಡಲೂ ಇಲ್ಲ. ಬೆಟ್ಟದ ಗಾಳಿ, ಹಾಲು ಮೊಟ್ಟೆಗಿಂತ ಮಾತ್ರೆ ಮುಖ್ಯ ಎಂದು ಜಗತ್ತಿಗೆ ಗೊತ್ತಾದದ್ದು ಅಲ್ಲಿಂದ.

ಸಿಸ್ಟರ್ ಬೀದರ್
ವಿಷಯಾಂತರ ಅಲ್ಲ ಸರ್, ಇಲ್ಲಿಗೇ ಬೇಕಾದದ್ದು. ‘ಎಲ್ಲಿ ಅಡ್ಮಿಟ್ ಮಾಡಲಿ’ ಎಂದು ಜನ ಓಡಾಡುತ್ತಾರೆ. ಹೆಚ್ಚಿನವರಿಗೆ ಅಡ್ಮಿಷನ್ ಬೇಕಿಲ್ಲ. ಆದರೆ ಹಾಲು ಮೊಟ್ಟೆಯನ್ನು ಪೂರ್ತಿ ತಳ್ಳಿಹಾಕಬೇಡಿ, ತೂಕ ಏರದಿದ್ದರೆ ಮಾತ್ರೆಯೂ ಸೋಲಬಹುದು.

ತುಂಗಾತೀರ
ಕೇಸಿನ ವಿಷಯ ಯಾರಾದರೂ ಹೇಳಿ. ಅಪ್ಪನಿಗೆ ಅದೇ ಭಯ.

ಕೋರ್ಟ್ ಕಟ್ಟೆ
ವಕೀಲ. ಟಿಬಿಯನ್ನು 2012ರಿಂದ ಆರೋಗ್ಯ ಇಲಾಖೆಗೆ ತಿಳಿಸುವುದು ಎಲ್ಲ ಡಾಕ್ಟರಿಗೂ ಕಡ್ಡಾಯ. ಆ ಮಾಹಿತಿ ಹೋಗುವುದು ಆರೋಗ್ಯ ಇಲಾಖೆಗೆ, ಪೊಲೀಸ್ ಠಾಣೆಗಲ್ಲ. ಇನ್ನು 1985ರ ಎನ್‌ಡಿಪಿಎಸ್, ಅಂದರೆ ಮಾದಕವಸ್ತು ಕಾಯ್ದೆ. ಸೆಕ್ಷನ್ 27ರಲ್ಲಿ ಸೇವನೆಯೂ ಅಪರಾಧವೇ. ಹೆರಾಯಿನ್‌ಗೆ ಒಂದು ವರ್ಷದವರೆಗೆ ಜೈಲು. ಆದರೆ 64ಎ ಇದೆ. ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋದ ವ್ಯಸನಿಯ ಮೇಲೆ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ನಡೆಸುವಂತಿಲ್ಲ.

ಬೆಣ್ಣೆದೋಸೆ ಬಾಯ್
ಅಂದರೆ ಪೂರ್ತಿ ಸೇಫ್?

ಕೋರ್ಟ್ ಕಟ್ಟೆ
ಪೂರ್ತಿ ಅಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂದಕ್ಕೆ ಹೋಗಬಹುದು. ಮಾರಾಟದ ಕೇಸಿಗೆ ಇದು ಅನ್ವಯಿಸುವುದೂ ಇಲ್ಲ. ಆದರೆ ಟಿಬಿ ವಿಭಾಗದಲ್ಲಿ ಕೂತು ಕಫ ಕೊಡುವವನನ್ನು ಹಿಡಿಯಲು ಯಾರೂ ಬರುವುದಿಲ್ಲ, ಧೈರ್ಯವಾಗಿ ಹೋಗಿ.

ಮಂಗಳೂರು ಮಳೆ
ನಾನು ಆ ದಾರಿಯಲ್ಲಿ ಹೋಗಿ ಬಂದವನು. ಈಗ ಬುಪ್ರೆನಾರ್ಫಿನ್ ಮಾತ್ರೆ ಮೇಲಿದ್ದೇನೆ. ಗೊತ್ತಿಲ್ಲದವರಿಗೆ: ಹೆರಾಯಿನ್ ಬದಲಿಗೆ ದಿನಾ ಡಾಕ್ಟರ್ ಕಣ್ಣೆದುರು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮದ್ದು. ಅದನ್ನು ‘ಇನ್ನೊಂದು ಚಟ’ ಎನ್ನುವವರಿದ್ದಾರೆ. ಅವರ ಜೊತೆ ವಾದ ಮಾಡಲು ನನಗೆ ಪುರುಸೊತ್ತಿಲ್ಲ, ಕೆಲಸಕ್ಕೆ ಹೋಗಬೇಕು.

ಹೇಳಬೇಕಾದ್ದು ಬೇರೆ. ನಮ್ಮ ಜೊತೆ ಒಬ್ಬನಿಗೆ ಟಿಬಿ ಬಂತು. ಟಿಬಿ ಮಾತ್ರೆ ಶುರು ಮಾಡಿದ ಸ್ವಲ್ಪ ದಿನಕ್ಕೆ ಮೂಗು ಸೋರುವುದು, ಆಕಳಿಕೆ, ಕಾಲು ಸೆಳೆತ, ನಿದ್ದೆ ಇಲ್ಲ. ಪಕ್ಕಾ ವಿಥ್‌ಡ್ರಾವಲ್. ಎಲ್ಲರೂ ‘ನಾಟಕ, ಡೋಸ್ ಜಾಸ್ತಿ ಬೇಕಂತೆ’ ಎಂದು ನಕ್ಕರು. ಅವನು ಟಿಬಿ ಮಾತ್ರೆ ಬಿಟ್ಟ. ಬಿಟ್ಟ ಕೂಡಲೇ ಆರಾಮ ಆಯ್ತು ಬೇರೆ. ಆಮೇಲೆ ಟಿಬಿ ಮತ್ತೆ ಜೋರಾಯ್ತು. ಇದು ನಿಜವಾಗಿ ಆಗುತ್ತದಾ ಡಾಕ್ಟ್ರೇ, ಅಥವಾ ಅವನ ಮನಸ್ಸಿಗೆ ಬಂದದ್ದಾ?

ಎದೆಡಾಕ್ಟರ್
ನೂರಕ್ಕೆ ನೂರು ನಿಜ. ನೀವು ಇದನ್ನು ಇಲ್ಲಿ ಬರೆದದ್ದು ಒಳ್ಳೆಯದಾಯ್ತು.

ರಿಫಾಂಪಿಸಿನ್ ಯಕೃತ್ತಿನ ಕೆಲವು ಕಿಣ್ವಗಳನ್ನು ಚುರುಕು ಮಾಡುತ್ತದೆ. ಅವು ಮೆಥಡೋನ್, ಬುಪ್ರೆನಾರ್ಫಿನ್ ಎಂಬ ಎರಡೂ ಬದಲಿ ಮದ್ದುಗಳನ್ನು ಬೇಗ ಕರಗಿಸಿ ಹಾಕುತ್ತವೆ. ನಿನ್ನೆವರೆಗೆ ಸಾಕಾಗುತ್ತಿದ್ದ ಡೋಸ್ ಇವತ್ತು ಸಾಕಾಗುವುದಿಲ್ಲ. ಮೆಥಡೋನ್ ವಿಷಯದಲ್ಲಿ 1970ರ ದಶಕದಲ್ಲೇ ಗೊತ್ತಾಗಿದೆ. ಪರಿಹಾರ ಇದೆ: ಬದಲಿ ಮದ್ದಿನ ಡೋಸ್ ಏರಿಸುವುದು, ಇಲ್ಲವೇ ರಿಫಾಂಪಿಸಿನ್ ಬದಲು ರಿಫಾಬ್ಯುಟಿನ್ ಕೊಡಲು ಸಾಧ್ಯವೇ ಎಂದು ನೋಡುವುದು. ಟಿಬಿ ಕೋರ್ಸ್ ಮುಗಿದ ಮೇಲೆ ಏರಿಸಿದ ಡೋಸ್ ಮತ್ತೆ ಇಳಿಸಬೇಕು, ಇಲ್ಲದಿದ್ದರೆ ಅಪಾಯ. ಇದೆಲ್ಲ ಡಾಕ್ಟರ್ ಕೈಯಲ್ಲೇ ಆಗಬೇಕು. ಆದರೆ ಟಿಬಿ ಡಾಕ್ಟರಿಗೆ ಬುಪ್ರೆನಾರ್ಫಿನ್ ಗೊತ್ತಿಲ್ಲ, ವ್ಯಸನದ ಡಾಕ್ಟರಿಗೆ ಟಿಬಿ ಮಾತ್ರೆ ಶುರುವಾದದ್ದು ಗೊತ್ತಿಲ್ಲ ಎಂದಾದರೆ ರೋಗಿಯೇ ನಾಟಕದವನಾಗುತ್ತಾನೆ.

ಸಿಸ್ಟರ್ ಬೀದರ್
ನನ್ನ ಹಳೇ ಗೋಳು ಇದೇ. ಬುಪ್ರೆನಾರ್ಫಿನ್‌ಗೆ ದಿನಾ ತಪ್ಪದೇ ಬರುವ ಮನುಷ್ಯನಿಗಿಂತ ಟಿಬಿ ಮಾತ್ರೆ ನುಂಗಿಸಲು ಸುಲಭದ ರೋಗಿ ಇನ್ಯಾರು? ಅದೇ ಕಿಟಕಿಯಲ್ಲಿ ಅದೂ ಇದೂ ಎರಡೂ ಕೊಟ್ಟರೆ ಮುಗಿಯಿತು. ಈ ಜನ ಮಾತ್ರೆ ತಿನ್ನುವುದಿಲ್ಲ ಎಂಬ ಖಾಸಗಿ ಡಾಕ್ಟರ್ ಮಾತು ನನಗೆ ಒಪ್ಪಿಗೆಯಿಲ್ಲ. ಎರಡು ಕಡೆ ಎರಡು ಕ್ಯೂ ನಿಲ್ಲಿಸಿ ತಿನ್ನಲಿಲ್ಲ ಎಂದರೆ ಹೇಗೆ?

ಕೋಟೆ ಮೇಷ್ಟ್ರು
ಇದು ಒಪ್ಪುವ ಮಾತು. ಆದರೆ ತಿಂಗಳ ದುಡ್ಡಿನ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಹಳೇ ಹುಬ್ಬಳ್ಳಿ
ಎಷ್ಟು ಕೊಡುತ್ತಾರೆ ಎಂದಾದರೂ ನೋಡಿದ್ದೀರಾ? ಟಿಬಿ ರೋಗಿಗಳ ಊಟಕ್ಕೆಂದಿರುವ ನಿಕ್ಷಯ್ ಪೋಷಣ್‌ನಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್‌ನಿಂದ 1000. ಅದರಲ್ಲಿ ಯಾವ ಪೌಡರ್ ಬರುತ್ತದೆ ರೀ? ಮೊಟ್ಟೆ ಟ್ರೇ, ಶೇಂಗಾ, ಬೇಳೆಗೆ ಸರಿ ಹೋಗುತ್ತದೆ.

ಸಿಸ್ಟರ್ ಬೀದರ್
ಕೈಗೆ ದುಡ್ಡು ಕೊಡುವುದು ಬೇಡ ಎನಿಸಿದರೆ ಮನೆಯವರ ಖಾತೆ ಕೊಡಬಹುದೇ ಎಂದು ಟಿಬಿ ಮೇಲ್ವಿಚಾರಕರನ್ನು ಕೇಳಿ. ನಿಕ್ಷಯ್ ಮಿತ್ರರ (ಟಿಬಿ ರೋಗಿಗಳಿಗೆ ನೆರವಾಗುವ ದಾನಿಗಳ) ಆಹಾರದ ಕಿಟ್ ಸಿಗುವ ಕಡೆ ಅದನ್ನೂ ಕೇಳಿ.

ತುಂಗಾತೀರ
ಅಪ್‌ಡೇಟ್. ಜಿಲ್ಲಾಸ್ಪತ್ರೆಗೆ ಹೋಗಿ ಬಂದೆವು. ಟಿಬಿ ಪಾಸಿಟಿವ್, ಆದರೆ ರಿಫಾಂಪಿಸಿನ್ ಕೆಲಸ ಮಾಡುತ್ತದೆಯಂತೆ. ಎಚ್‌ಐವಿ ಇಲ್ಲ. ಹೆಪಟೈಟಿಸ್ ಸಿ ಇದೆ. ಅದಕ್ಕೆ ಭಯ ಆಗುತ್ತಿದೆ. ಮಾತ್ರೆ ಶುರು ಮಾಡಿದ್ದಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದಿದೆ ಎಂದು ತಮ್ಮ ಗಾಬರಿಯಾಗಿದ್ದಾನೆ, ಲಿವರ್ ಹೋಯ್ತು ಎನ್ನುತ್ತಿದ್ದಾನೆ.

ಬೆಣ್ಣೆದೋಸೆ ಬಾಯ್
ಕಿತ್ತಳೆ ಬಣ್ಣ ಮಾತ್ರೆಯದ್ದೇ. ನಮ್ಮ ದೊಡ್ಡಪ್ಪನಿಗೂ ಹಾಗೇ ಆಗಿತ್ತು, ಮಾತ್ರೆ ನುಂಗಿದ್ದಾರೋ ಇಲ್ಲವೋ ಎಂದು ದೊಡ್ಡಮ್ಮ ಬಚ್ಚಲು ನೋಡಿ ಹೇಳುತ್ತಿದ್ದರು 😂

ಎದೆಡಾಕ್ಟರ್
ಬಣ್ಣಕ್ಕೆ ಹೆದರಬೇಡಿ. ಹೆಪಟೈಟಿಸ್ ಸಿ ಚುಚ್ಚಿಕೊಳ್ಳುವವರಲ್ಲಿ ಬಹಳ ಸಾಮಾನ್ಯ, ಈಗ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಆದರೆ ಅದರ ಹಲವು ಮದ್ದುಗಳು ರಿಫಾಂಪಿಸಿನ್ ಜೊತೆ ಕೂಡುವುದಿಲ್ಲ. ಸಾಮಾನ್ಯವಾಗಿ ಟಿಬಿ ಕೋರ್ಸ್ ಮುಗಿಸಿ ಅದಕ್ಕೆ ಕೈ ಹಾಕುತ್ತಾರೆ. ಅಲ್ಲಿಯವರೆಗೆ ಲಿವರ್ ಪರೀಕ್ಷೆ ಆಗಾಗ ಆಗಲಿ. ಕಣ್ಣು ಹಳದಿ, ವಾಂತಿ ನಿಲ್ಲದಿರುವುದು, ಬಲಗಡೆ ಪಕ್ಕೆ ಕೆಳಗೆ ನೋವು, ಇವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಕಾಲು ಜುಮುಜುಮು ಅಂದರೆ ಹೇಳಿ, ಬಿ6 ಮಾತ್ರೆ ಕೊಡುತ್ತಾರೆ. ಎಣ್ಣೆ ಮಾತ್ರ ಬೇಡವೇ ಬೇಡ.

ಮಂಗಳೂರು ಮಳೆ
ಅಕ್ಕ, ಒಂದು ದಿನ ಜಾರಿದ ಎಂದಿಟ್ಟುಕೊಳ್ಳಿ. ‘ನಶೆ ಮಾಡಿದ್ದೇನೆ, ಇವತ್ತು ಟಿಬಿ ಮಾತ್ರೆ ಬೇಡ’ ಎಂದು ಅವನೇ ಬಿಡುತ್ತಾನೆ. ಬಿಡಲು ಬಿಡಬೇಡಿ. ಬೈಯಬೇಕೆನಿಸಿದರೆ ಮಾತ್ರೆ ನುಂಗಿಸಿ ಆಮೇಲೆ ಬೈಯಿರಿ. ಬದಲಿ ಮದ್ದಿನ ಚಿಕಿತ್ಸೆ ನಿಮ್ಮ ಕಡೆ ಎಲ್ಲಿದೆ ಎಂದು 14446ಕ್ಕೆ ಫೋನ್ ಮಾಡಿ ಕೇಳಿ, ಅದು ಸರ್ಕಾರದ ನಶಾಮುಕ್ತಿ ಸಹಾಯವಾಣಿ. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್ ಇದೆ.

ಗಾಂಧಿಬಜಾರ್ ಕಾಫಿ
ನಿಮ್ಹಾನ್ಸ್‌ಗೆ ಹತ್ತಿರದಲ್ಲೇ ರಾಜೀವ್ ಗಾಂಧಿ ಎದೆರೋಗ ಸಂಸ್ಥೆಯೂ ಇದೆ. ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತದೆ.

ತುಂಗಾತೀರ
ಅಮ್ಮನ ವಿಷಯ? ತಮ್ಮನ ತಟ್ಟೆ ಲೋಟ ಬೇರೆ ಇಟ್ಟಿದ್ದೇವೆ.

ಸಿಸ್ಟರ್ ಬೀದರ್
ತಟ್ಟೆ ಲೋಟದಿಂದ ಟಿಬಿ ಬರುವುದಿಲ್ಲ, ಒಟ್ಟಿಗೇ ಇಡಿ. ಅವನ ಮನಸ್ಸಿಗೂ ಒಳ್ಳೆಯದು. ಕಿಟಕಿ ತೆಗೆದಿಡಿ, ಮೊದಲ ಕೆಲವು ವಾರ ಅವನು ಮಾಸ್ಕ್ ಹಾಕಲಿ, ಬೇರೆ ರೂಮಿನಲ್ಲಿ ಮಲಗಲಿ. ಮಾತ್ರೆ ಸರಿಯಾಗಿ ನುಂಗಿದರೆ ಹರಡುವುದು ಬೇಗ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೂ ಟಿಬಿ ಅಪಾಯ ಜಾಸ್ತಿ, ಅಮ್ಮನನ್ನು ಮೊದಲು ಪರೀಕ್ಷೆ ಮಾಡಿಸಿ. ಕಾಯಿಲೆ ಇಲ್ಲ ಎಂದಾದರೆ ಬರದ ಹಾಗೆ ತಡೆಯುವ ಮಾತ್ರೆ ಕೊಡುತ್ತಾರೆ. ವಾರಕ್ಕೊಮ್ಮೆಯಂತೆ ಹನ್ನೆರಡು ವಾರದ ಕೋರ್ಸ್ ಒಂದಿದೆ, ದಿನಾ ನುಂಗುವುದೂ ಇದೆ.

ಹೊಸಬೆಳಕು
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಸಣ್ಣ ವ್ಯಸನಮುಕ್ತಿ ಕೇಂದ್ರ ನಡೆಸುತ್ತೇನೆ, ಇವರು ಹೇಳಿದ್ದು ನಮ್ಮದಲ್ಲ. ನಮ್ಮ ಕಷ್ಟವನ್ನೂ ಕೇಳಿ. ಒಂದೇ ಹಾಲ್, ಸಾಲಾಗಿ ಹಾಸಿಗೆ. ಒಬ್ಬ ಕೆಮ್ಮಿದರೆ ಉಳಿದವರ ಮನೆಯವರು ಗಲಾಟೆ ಮಾಡುತ್ತಾರೆ. ಕಳಿಸದೆ ಏನು ಮಾಡಲಿ?

ಸಿಸ್ಟರ್ ಬೀದರ್
ಸೇರಿಸಿಕೊಳ್ಳುವ ದಿನವೇ ನಾಲ್ಕು ಪ್ರಶ್ನೆ ಕೇಳಿ: ಕೆಮ್ಮು, ಜ್ವರ, ತೂಕ ಇಳಿದದ್ದು, ರಾತ್ರಿ ಬೆವರು. ಒಂದಕ್ಕೆ ಹೌದು ಎಂದರೂ ಕಫ ಕಳಿಸಿ. ಡಾಕ್ಟರ್ ಹೇಳಿದ ಹಾಗೆ ಕೆಮ್ಮು ಅಡಗಿರಬಹುದು, ಆದ್ದರಿಂದ ಎಲ್ಲರಿಗೂ ಒಂದು ಎಕ್ಸ್‌ರೇ ಆದರೆ ಇನ್ನೂ ಒಳ್ಳೆಯದು. ಪಾಸಿಟಿವ್ ಬಂದವನನ್ನು ಹೊರಗೆ ಹಾಕಬೇಡಿ, ಗಾಳಿಯಾಡುವ ಬೇರೆ ಕೋಣೆಗೆ ಹಾಕಿ ಮಾತ್ರೆ ಶುರು ಮಾಡಿಸಿ.

ಹೊಸಬೆಳಕು
ಎಲ್ಲರಿಗೂ ಎಕ್ಸ್‌ರೇ ಅಂದರೆ ಖರ್ಚು ಮೇಡಂ.

ಎದೆಡಾಕ್ಟರ್
ಜಿಲ್ಲಾ ಕ್ಷಯರೋಗ ಅಧಿಕಾರಿ ಕಚೇರಿಗೆ ಪತ್ರ ಕೊಡಿ. 2024ರ ಡಿಸೆಂಬರ್‌ನಲ್ಲಿ ಶುರುವಾದ 100 ದಿನದ ಟಿಬಿ ಅಭಿಯಾನದಿಂದೀಚೆಗೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಹಲವು ಕಡೆ ಬಂದಿದೆ. ಕ್ಯಾಂಪ್ ಮಾಡಿ ಎಂದು ನೀವೇ ಕರೆದರೆ ಅವರಿಗೂ ಖುಷಿ, ಗುರಿ ಮುಟ್ಟಬೇಕಲ್ಲ.

ಹೊಸಬೆಳಕು
ಸೋಮವಾರ ಹೋಗಿ ಕೇಳುತ್ತೇನೆ. ಕಿಟಕಿ ತೆಗೆಯುವುದೇ ಕಷ್ಟ. ಗ್ರಿಲ್ ಇದೆ, ಹುಡುಗರು ಓಡಿಹೋಗುವುದಿಲ್ಲ. ಆದರೆ ಹಿಂದಿನ ಗಲ್ಲಿಯಿಂದ ಬೀಡಿ, ಗುಟ್ಕಾ ಪ್ಯಾಕೆಟ್ ಒಳಗೆ ಬರುತ್ತದೆ.

ಮಂಗಳೂರು ಮಳೆ
ಸೊಳ್ಳೆ ಪರದೆಯ ಜಾಲರಿ ಹೊಡೆಸಿ ಸರ್. ಗಾಳಿ ಬರುತ್ತದೆ, ಬೀಡಿ ಬರುವುದಿಲ್ಲ.

ಹಳೇ ಹುಬ್ಬಳ್ಳಿ
ಕಬ್ಬಿಣದ್ದೇ ಹೊಡೆಸ್ರಿ, ನೈಲಾನ್ ಆದರೆ ಒಂದೇ ರಾತ್ರಿಗೆ ತೂತು ಬೀಳುತ್ತದೆ.